19ನೇ ತಾರೀಖಿನ ಭಯ

ನೀರ್ಚಾಲು, ಕಾಸರಗೋಡು
2025 ಫೆಬ್ರವರಿ 8

ಪ್ರೀತಿಯ ಶ್ರುತಿಗೆ,

ದೊಡ್ಡಮ್ಮನ ಆಶೀರ್ವಾದಗಳು. ಮನೆಯ ಸುದ್ದಿ ಎಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಪತ್ರವನ್ನು ಮೊಮ್ಮಗ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಟ್ಟ. ಓದಿದೆ. ಅದರಲ್ಲಿ ಒಂದು ಸಾಲು ಬಿಟ್ಟು ಬೇರೆ ಏನೂ ನನ್ನ ತಲೆಯಲ್ಲಿ ನಿಲ್ಲಲಿಲ್ಲ. ವೀಸಾದವರ ಮಕ್ಕಳು ಅಮೆರಿಕದಲ್ಲಿ ಹುಟ್ಟಿದರೂ ಪೌರತ್ವ ಇಲ್ಲ ಅನ್ನುವ ಹೊಸ ಅಧ್ಯಕ್ಷ ಟ್ರಂಪ್ ಅವರ ಆದೇಶ ಇದೇ ತಿಂಗಳ 19ನೇ ತಾರೀಖಿಗೆ ಜಾರಿಯಾಗುತ್ತದೆ, ಅದಕ್ಕೆ ಮೊದಲೇ 17ಕ್ಕೆ ಸಿಸೇರಿಯನ್ ಮಾಡಿಸಿಬಿಡೋಣ ಅಂತ ಇಬ್ಬರೂ ಯೋಚಿಸುತ್ತಿದ್ದೀರಿ ಅಂತ ಬರೆದಿದ್ದೀಯ.

ನಿನಗೆ ಡಾಕ್ಟರು ದಿನ ಕೊಟ್ಟಿರುವುದು ಮಾರ್ಚ್ 24ಕ್ಕೆ. ಅಂದರೆ ಐದು ವಾರ ಮೊದಲು. ಇದನ್ನು ಓದಿದ ಮೇಲೆ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಮೊದಲು ಅದನ್ನೇ ಹೇಳಿಬಿಡುತ್ತೇನೆ. 35 ವಾರಕ್ಕೆ ಹುಟ್ಟಿದ ಮಗು ನೋಡಲಿಕ್ಕೆ ಪೂರ್ತಿ ಮಗುವಿನ ಹಾಗೆಯೇ ಇರುತ್ತದೆ. ಕೈಕಾಲು, ಉಗುರು, ಕೂದಲು ಎಲ್ಲ ಇರುತ್ತದೆ. ತೂಕವೂ ಎರಡು ಕಿಲೋ ದಾಟಿರಬಹುದು. ಅದನ್ನು ನೋಡಿ ಮನೆಯವರು ಸಮಾಧಾನಪಡುತ್ತಾರೆ. ಆಮೇಲೆ ಸ್ವಲ್ಪ ಹೊತ್ತಿಗೆ ಮಗು ನರಳುವ ಹಾಗೆ ಒಂದು ಸದ್ದು ಶುರುವಾಗುತ್ತದೆ. ಪ್ರತಿ ಉಸಿರಿಗೂ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಹೋಗುತ್ತದೆ. ಶ್ವಾಸಕೋಶ ಇನ್ನೂ ಬಲಿತಿರುವುದಿಲ್ಲ, ಅದಕ್ಕೆ. ನೋವು ಬರುವ ಮೊದಲೇ ಹೊಟ್ಟೆ ಕೊಯ್ದು ತೆಗೆದ ಮಗುವಿಗೆ ಈ ತೊಂದರೆ ಇನ್ನೂ ಜಾಸ್ತಿ. ಉಸಿರಾಟ ಸರಿ ಇದ್ದರೂ ಹಾಲು ಚೀಪುವ ಶಕ್ತಿ ಇರುವುದಿಲ್ಲ. ಎರಡು ಸಲ ಚೀಪಿ ನಿದ್ದೆ ಹೋಗುತ್ತದೆ. ಮೈ ತಣ್ಣಗಾಗುತ್ತದೆ, ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ, ಮೂರನೇ ದಿನಕ್ಕೆ ಕಾಮಾಲೆ ಏರುತ್ತದೆ.

ಎಲ್ಲ ಮಕ್ಕಳಿಗೂ ಹೀಗೆಯೇ ಆಗುತ್ತದೆ ಅಂತ ಹೇಳುವುದಿಲ್ಲ. ಹಾಗೆ ಬೇಗ ಹುಟ್ಟಿ ಚೆನ್ನಾಗಿ ಬೆಳೆದವರನ್ನೂ ನೋಡಿದ್ದೇನೆ. ಆದರೆ ಅವರೆಲ್ಲ ಬೇಗ ಹುಟ್ಟಲೇಬೇಕಾಗಿ ಬಂದವರು. ತಾಯಿಗೆ ಬಿ.ಪಿ. ಏರಿತ್ತು, ಅಥವಾ ನೀರು ಒಡೆದಿತ್ತು. ಬೇರೆ ದಾರಿ ಇರಲಿಲ್ಲ. ನಿನಗೆ ಅಂಥದ್ದೇನೂ ಇಲ್ಲವಲ್ಲ.

ನಕ್ಷತ್ರ ನೋಡಿಕೊಂಡು ಬಂದು, ಇಂಥ ದಿನವೇ ಆಪರೇಶನ್ ಮಾಡಿ ಅಂತ ಕೇಳುವವರು ನಮ್ಮ ಕಡೆಯೂ ಇದ್ದರು. ನೀವು ಪಂಚಾಂಗ ನೋಡಿ ಕೇಳುತ್ತಿಲ್ಲ, ಸರಕಾರದ ಆದೇಶ ನೋಡಿ ಕೇಳುತ್ತಿದ್ದೀರಿ. ಮಗುವಿಗೆ ಎರಡೂ ಒಂದೇ. ನಿಮ್ಮ ಅಮೆರಿಕದ ಹೆರಿಗೆ ಡಾಕ್ಟರುಗಳ ಸಂಘವೇ, ಕಾಯಿಲೆಯ ಕಾರಣ ಇಲ್ಲದೆ 39 ವಾರಕ್ಕೆ ಮೊದಲು ಹೆರಿಗೆ ಮಾಡಿಸಬೇಡಿ ಅಂತ ಹೇಳುತ್ತದೆ. ನಿನ್ನ ಡಾಕ್ಟರಿಗೆ ಇದು ಗೊತ್ತಿರದೆ ಇರುವುದಿಲ್ಲ. ಕೇಳಿ ನೋಡು.

ನೀನು ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದೀಯ, ಈ ಮನುಷ್ಯನನ್ನು ನಂಬಬಹುದಾ ಅಂತ. ಇಲ್ಲಿಯೂ ಅದೇ ಚರ್ಚೆ. ಊಟಕ್ಕೆ ಕೂತರೆ ಟ್ರಂಪ್, ಎದ್ದರೆ ಟ್ರಂಪ್. ನಿನ್ನ ಅಣ್ಣ ಹೇಳುತ್ತಾನೆ, ಚುನಾವಣೆಯಲ್ಲಿ ಹೇಳಿದ್ದನ್ನು ಮೊದಲ ದಿನವೇ ಮಾಡಿದ್ದಾರೆ, ಜನ ಓಟು ಹಾಕಿದ್ದು ಅದಕ್ಕೇ, ನಂಬಿಕೆ ಅಂದರೆ ಇನ್ನೇನು ಅಂತ. ಅತ್ತಿಗೆ ಒಪ್ಪುವುದಿಲ್ಲ. ಜನವರಿ 27ಕ್ಕೆ ಸರಕಾರದ ಅನುದಾನ ಎಲ್ಲ ನಿಲ್ಲಿಸಿ ಅಂತ ಹೊರಟ ಸುತ್ತೋಲೆ 29ಕ್ಕೆ ವಾಪಸ್ ಆಯಿತು. ಕೆನಡಾ, ಮೆಕ್ಸಿಕೊ ಮೇಲೆ ಸುಂಕ ಅಂತ ಫೆಬ್ರವರಿ 1ಕ್ಕೆ ಸಹಿ ಹಾಕಿ 3ಕ್ಕೆ ಒಂದು ತಿಂಗಳು ಮುಂದೂಡಿದರು. ಇಂಥ ಮಾತನ್ನು ಹೇಗೆ ನಂಬುವುದು ಅಂತ ಅವಳ ವಾದ. ಮೊನ್ನೆ 5ನೇ ತಾರೀಖಿಗೆ ನಮ್ಮ ದೇಶದ 104 ಜನರನ್ನು ಅಮೆರಿಕದ ಮಿಲಿಟರಿ ವಿಮಾನದಲ್ಲಿ ಅಮೃತಸರಕ್ಕೆ ತಂದು ಇಳಿಸಿದ್ದನ್ನು ಟಿ.ವಿ.ಯಲ್ಲಿ ನೋಡಿದ ಮೇಲೆ ನಿನ್ನ ಅಮ್ಮ ಒಂದು ಹೊತ್ತು ಊಟ ಬಿಟ್ಟಳು. ಅವರು ಕಾಗದಪತ್ರ ಇಲ್ಲದೆ ಒಳಗೆ ಹೋದವರು, ಶ್ರುತಿಯದ್ದು ಹಾಗಲ್ಲ ಅಂತ ಎಷ್ಟು ಹೇಳಿದರೂ ಅವಳಿಗೆ ಸಮಾಧಾನ ಇಲ್ಲ.

ಅಣ್ಣ ಹೇಳುವುದರಲ್ಲೂ ಸತ್ಯ ಇದೆ, ಅತ್ತಿಗೆ ಹೇಳುವುದರಲ್ಲೂ ಇದೆ. ಕೆಲವು ಮಾತು ನಿಂತಿದೆ, ಕೆಲವು ನಿಂತಿಲ್ಲ. ಯಾವುದು ನಿಲ್ಲುತ್ತದೆ ಅಂತ ಮೊದಲ ಮೂರು ವಾರದಲ್ಲಿ ಯಾರಿಗೂ ಹೇಳಲಿಕ್ಕೆ ಆಗುವುದಿಲ್ಲ. ನನ್ನ ಸಂಕಟ ಅದಲ್ಲ. ಅವರು ನಂಬಿಕಸ್ಥರೋ ಅಲ್ಲವೋ ಎಂಬ ಲೆಕ್ಕದ ಮೇಲೆ ನೀವು ಮಗುವಿನ ದಿನ ಇಡುತ್ತಿದ್ದೀರಲ್ಲ, ಅದೇ ನನ್ನ ಸಂಕಟ.

ಆ ಆದೇಶವನ್ನು ಮೊಮ್ಮಗನ ಹತ್ತಿರ ಓದಿಸಿ ಕೇಳಿದೆ. ತಾಯಿ ವೀಸಾದ ಮೇಲೆ ತಾತ್ಕಾಲಿಕವಾಗಿ ಇದ್ದು, ತಂದೆ ಪ್ರಜೆಯೂ ಅಲ್ಲ, ಗ್ರೀನ್ ಕಾರ್ಡೂ ಇಲ್ಲ ಅಂತಾದರೆ, ಸಹಿ ಬಿದ್ದ ದಿನದಿಂದ 30 ದಿನ ಕಳೆದ ಮೇಲೆ ಹುಟ್ಟಿದ ಮಗುವನ್ನು ಪ್ರಜೆ ಅಂತ ಒಪ್ಪುವುದಿಲ್ಲ ಅಂತ ಇದೆ. ನೀವಿಬ್ಬರೂ ಎಚ್‌-1ಬಿ ಅನ್ನುವ ಕೆಲಸದ ವೀಸಾದಲ್ಲಿ ಇರುವವರು. ಹಾಗಾಗಿ ನಿನ್ನ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ, ಅರ್ಥವಾಗುತ್ತದೆ. ಆದರೆ ಅದು ಸಹಿಯಾಗಿ ಮೂರೇ ದಿನಕ್ಕೆ ಸಿಯಾಟಲ್‌ನ ಜಡ್ಜ್ ತಡೆದರು, ಅಲ್ವಾ? ರೇಗನ್ ಕಾಲದಲ್ಲಿ ನೇಮಕವಾದ ಹಿರಿಯರಂತೆ ಅವರು. ಇದು ಸಂವಿಧಾನಕ್ಕೆ ನೇರ ವಿರುದ್ಧ ಅಂದರು. ಈಗ 5ಕ್ಕೆ ಮೇರಿಲ್ಯಾಂಡ್‌ನಲ್ಲಿ, 6ಕ್ಕೆ ಮತ್ತೆ ಸಿಯಾಟಲ್‌ನಲ್ಲಿ, ಕೇಸು ಮುಗಿಯುವವರೆಗೆ ದೇಶದಲ್ಲಿ ಎಲ್ಲಿಯೂ ಜಾರಿ ಮಾಡಬಾರದು ಅಂತ ತಡೆ ಸಿಕ್ಕಿದೆ. ನಿಮ್ಮ ನ್ಯೂಜೆರ್ಸಿ ರಾಜ್ಯವೇ ಬೇರೆ ರಾಜ್ಯಗಳನ್ನು ಸೇರಿಸಿಕೊಂಡು ಇನ್ನೊಂದು ಕೇಸು ಹಾಕಿದೆ. ಅಂದರೆ ಇವತ್ತಿಗೆ 19 ಅನ್ನುವ ಗಡುವಿಗೇ ತಡೆ ಬಿದ್ದಿದೆ. ನೀನು ಪತ್ರ ಬರೆದದ್ದು ಇದಕ್ಕೆ ಮೊದಲು ಅಂತ ಕಾಣುತ್ತದೆ.

ವಾಂಗ್ ಕಿಮ್ ಆರ್ಕ್ ಅಂತ ಒಬ್ಬ ಅಡುಗೆಯವನ ಕಥೆಯನ್ನೂ ಮೊಮ್ಮಗ ಹೇಳಿದ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಚೀನಾದ ಅಪ್ಪ ಅಮ್ಮನಿಗೆ ಹುಟ್ಟಿದವನು. ಚೀನಾಕ್ಕೆ ಹೋಗಿ ವಾಪಸ್ ಬಂದರೆ ನೀನು ಇಲ್ಲಿಯವನಲ್ಲ ಅಂತ ಹಡಗಿನಲ್ಲೇ ತಡೆದರು. ಅವನು ಕೋರ್ಟಿಗೆ ಹೋದ. 1898ರಲ್ಲಿ ಸುಪ್ರೀಂ ಕೋರ್ಟು, ಇಲ್ಲಿ ಹುಟ್ಟಿದವನು ಇಲ್ಲಿಯವನೇ ಅಂತ ಹೇಳಿತು. ಅವರ ಸಂವಿಧಾನದ 1868ರ 14ನೇ ತಿದ್ದುಪಡಿಯ ಬಲದಿಂದ. ಆಗ ಚೀನಾದವರ ಮೇಲೆ ಅಲ್ಲಿ ಎಷ್ಟು ದ್ವೇಷ ಇತ್ತು! ಅಂಥ ಕಾಲದಲ್ಲಿ ಬಂದ ತೀರ್ಪು ಅದು. ಅವನ ಅಪ್ಪ ಅಮ್ಮ ಅಲ್ಲೇ ನೆಲೆ ನಿಂತವರು, ವೀಸಾದವರು ಹಾಗಲ್ಲ ಅಂತ ಈಗಿನ ಸರಕಾರದ ಕಡೆಯವರ ವಾದ. ಮೇಲಿನ ಕೋರ್ಟಿಗೂ ಹೋಗಿದ್ದಾರೆ. ಕೊನೆಗೆ ಏನಾಗುತ್ತದೆ ಅಂತ ನಾನು ನಿನಗೆ ಮಾತು ಕೊಡಲಾರೆ. ಇದು 17ನೇ ತಾರೀಖಿನ ಒಳಗೆ ಮುಗಿಯುವ ವಿಷಯ ಅಲ್ಲ ಅಂತ ಮಾತ್ರ ಹೇಳುತ್ತೇನೆ.

ನನಗೆ ಇದನ್ನೆಲ್ಲ ಕೇಳುವಾಗ 1957 ನೆನಪಾಗುತ್ತದೆ. ನಿನ್ನ ಅಮ್ಮ ಆಗ ಹುಟ್ಟಿರಲಿಲ್ಲ. ಹಿಂದಿನ ವರ್ಷ ನವೆಂಬರ್ 1ಕ್ಕೆ ನಮ್ಮ ತಾಲೂಕು ಕೇರಳಕ್ಕೆ ಸೇರಿತ್ತು. ಮದ್ರಾಸಿನ ದಕ್ಷಿಣ ಕನ್ನಡದಲ್ಲಿ ಮಲಗಿದವರು ಕೇರಳದಲ್ಲಿ ಎದ್ದೆವು. ನಮ್ಮನ್ನು ಯಾರೂ ಕೇಳಲಿಲ್ಲ. ಶಾಲೆಯಲ್ಲಿ ಕನ್ನಡ ಇರುತ್ತದಾ ಇಲ್ಲವಾ ಅಂತ ಮೇಷ್ಟ್ರಿಗೇ ಗೊತ್ತಿರಲಿಲ್ಲ. ಆ ಗಾಬರಿ ತಣಿಯುವ ಮೊದಲೇ ಏಪ್ರಿಲ್‌ನಲ್ಲಿ ಕೇರಳದಲ್ಲಿ ನಂಬೂದಿರಿಪಾಡರ ಹೊಸ ಕಮ್ಯುನಿಸ್ಟ್ ಸರಕಾರ ಬಂತು. ಬಂದ ಒಂದು ವಾರದ ಒಳಗೆ, ಒಕ್ಕಲನ್ನು ಯಾರೂ ಎಬ್ಬಿಸಬಾರದು ಅಂತ ಸುಗ್ರೀವಾಜ್ಞೆ. ಮುಂದೆ ಭೂಮಿಗೆ ಮಿತಿ ಹಾಕುತ್ತಾರೆ, ಜಾಸ್ತಿ ಇದ್ದದ್ದನ್ನು ತೆಗೆದುಕೊಳ್ಳುತ್ತಾರೆ ಅಂತ ಬದಿಯಡ್ಕದ ಪೇಟೆಯಲ್ಲಿ ಎಲ್ಲ ಅದೇ ಮಾತು. ಈ ಸರಕಾರವನ್ನು ನಂಬಬಹುದಾ ಅಂತ ನಮ್ಮ ಜಗಲಿಯಲ್ಲಿ ರಾತ್ರಿಯೆಲ್ಲ ಚರ್ಚೆ. ನಾನು ಒಳಗೆ ಮಲಗಿ ಕೇಳುತ್ತಿದ್ದೆ.

ಆ ಹೆದರಿಕೆಯಲ್ಲಿ ಅಜ್ಜ ಅವಸರ ಅವಸರವಾಗಿ ತೋಟ ಪಾಲು ಮಾಡಿದರು. ಮಳೆಗಾಲ ಮುಗಿಯಲಿ, ಅಳತೆ ಸರಿಯಾಗಿ ಆಗಲಿ ಅಂತ ಅಜ್ಜಿ ಹೇಳಿದರಂತೆ. ಯಾರೂ ಕೇಳಲಿಲ್ಲ. ಆಮೇಲೆ ಆ ಪಾಲಿನಿಂದ ಏನೇನಾಯಿತು ಅಂತ ನಿನಗೆ ಗೊತ್ತೇ ಇದೆ. ಅದನ್ನು ಬರೆಯುವುದಿಲ್ಲ.

ನಿನಗೆ ಗೊತ್ತಿರದ ಸಂಗತಿ ಇದು. ಆ ಸರಕಾರ 1959ರಲ್ಲೇ ಹೋಯಿತು. ಅವರು ತಂದ ಭೂಮಿಯ ಕಾನೂನಿಗೆ ಒಪ್ಪಿಗೆ ಸಿಕ್ಕಿದ್ದು 1961ರಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಹೊಸದುರ್ಗ ಮತ್ತು ಕಾಸರಗೋಡು ತಾಲೂಕಿನ ರೈತವಾರಿ, ಅಂದರೆ ನೇರ ಸರಕಾರಕ್ಕೆ ಕಂದಾಯ ಕಟ್ಟುವ, ಭೂಮಿಗೆ ಅದು ಲಾಗೂ ಆಗುವುದಿಲ್ಲ ಅಂತ ಹೊಡೆದುಹಾಕಿತು. ನಮ್ಮದೇ ಕಡೆಯವರು ಹಾಕಿದ ಕೇಸು. ಅಜ್ಜ ಯಾವುದಕ್ಕೆ ಹೆದರಿ ತೋಟ ಒಡೆದರೋ ಅದು ಅವರ ಕಾಲದಲ್ಲಿ ಬರಲೇ ಇಲ್ಲ. ಮತ್ತೆ ಹೊಸ ಕಾನೂನು ಬಂದು, ತಿದ್ದುಪಡಿಯಾಗಿ, ಗೇಣಿ ಪೂರ್ತಿ ಹೋದದ್ದು 1970ರ ಜನವರಿ 1ಕ್ಕೆ. ಚಾಲಗೇಣಿಯ, ಅಂದರೆ ಧಣಿ ಬೇಕೆಂದಾಗ ಎಬ್ಬಿಸಬಹುದಾಗಿದ್ದ, ಒಕ್ಕಲುಗಳಿಗೆ ಅದರಿಂದ ಬದುಕು ಸಿಕ್ಕಿತು. ಅದು ನ್ಯಾಯವೇ, ನಾನು ಯಾವತ್ತೂ ಅದಕ್ಕೆ ಎದುರು ಹೇಳಿದವಳಲ್ಲ. ಆದರೆ 13 ವರ್ಷ ಹಿಡಿಯಿತು ನೋಡು. ಅಷ್ಟರಲ್ಲಿ ಅಪ್ಪ ಮತ್ತು ಚಿಕ್ಕಪ್ಪ ಮಾತು ಬಿಟ್ಟು 13 ವರ್ಷ ಆಗಿತ್ತು. ಚಿಕ್ಕಪ್ಪನ ಕೊನೆಗಾಲಕ್ಕೆ ನಮ್ಮನ್ನು ಕರೆಯಲಿಲ್ಲ. ಚಿಕ್ಕವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಂಬಳೆ ಆಯನದ ಜಾತ್ರೆಗೆ ಕರೆದುಕೊಂಡು ಹೋಗುತ್ತಿದ್ದವರು ಅವರು. ಮುಖ ನೋಡಲಿಕ್ಕೂ ಸಿಗಲಿಲ್ಲವಲ್ಲ ಅನ್ನುವ ನೋವು ನನಗೆ ಈಗಲೂ ಇದೆ.

ಎಲ್ಲಿಂದ ಎಲ್ಲಿಗೋ ಹೋದೆ. ಸರಕಾರದ ಆದೇಶದಿಂದ ಏನೂ ಆಗುವುದಿಲ್ಲ, ಹೆದರಬೇಡ ಅಂತ ನಾನು ಹೇಳುತ್ತಿಲ್ಲ. 2020ರಲ್ಲಿ ಕೊರೊನಾ ಅಂತ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ನಮ್ಮ ಕಡೆಯವರು ಸತ್ತರು. ಆದೇಶ ಜೀವ ತೆಗೆಯಬಲ್ಲದು ಅಂತ ಗೊತ್ತು ನನಗೆ. ಆದರೆ ಗಡಿ ಮುಚ್ಚಿದಾಗ ಜನರ ಕೈಯಲ್ಲಿ ಏನೂ ಇರಲಿಲ್ಲ. ಇಲ್ಲಿ ಮಗುವಿಗೆ ಅಪಾಯ ತರುವುದು, ಬಿಡುವುದು ನಿಮ್ಮ ಕೈಯಲ್ಲಿದೆ. ಪೌರತ್ವದ ಕಾಗದ ತಡವಾಗಿ ಸಿಗಬಹುದು, ಕೇಸು ಗೆದ್ದು ಸಿಗಬಹುದು, ಸಿಗದೆಯೂ ಇರಬಹುದು. ಹೊಟ್ಟೆಯೊಳಗಿನ ಐದು ವಾರ ಹೋದರೆ ಯಾವ ಕೋರ್ಟೂ ವಾಪಸ್ ಕೊಡುವುದಿಲ್ಲ.

ಮಗು ಯಾವ ದೇಶಕ್ಕೂ ಸೇರದ ಹಾಗೆ ಆದರೆ ಅಂತ ಬರೆದಿದ್ದೀಯ. ಹಾಗೆ ಆಗುವುದಿಲ್ಲ ಮಗಳೇ. ನೀವಿಬ್ಬರೂ ಭಾರತದ ಪ್ರಜೆಗಳು. ಹುಟ್ಟಿದ ಒಂದು ವರ್ಷದ ಒಳಗೆ ಅಲ್ಲಿರುವ ನಮ್ಮ ಕಾನ್ಸುಲೇಟಿನಲ್ಲಿ ನೋಂದಣಿ ಮಾಡಿಸಿದರೆ ಮಗು ಭಾರತದ್ದು. ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಬರೆದುಕೊಡಬೇಕು, ಅಷ್ಟೇ. ಹಾಗಾಗಿ ಅಲ್ಲಿಯದು ತೀರ್ಮಾನವಾಗುವವರೆಗೆ ಯಾವುದಕ್ಕೂ ಅವಸರದ ಅರ್ಜಿ ಹಾಕಬೇಡಿ, ಒಬ್ಬ ಒಳ್ಳೆಯ ವಕೀಲರನ್ನು ಕೇಳಿ. ನನಗೆ ಇದರಲ್ಲಿ ಜಾಸ್ತಿ ತಿಳಿಯುವುದಿಲ್ಲ. ಹುಟ್ಟಿದವರೆಲ್ಲ ಪ್ರಜೆ ಅನ್ನುವ ನಿಯಮ ನಮ್ಮಲ್ಲೂ ಇತ್ತು, 1987ರ ಜುಲೈಯಿಂದ ಹೋಯಿತು. ಆದರೆ ಪಾರ್ಲಿಮೆಂಟಿನಲ್ಲಿ ಚರ್ಚೆಯಾಗಿ ಹೋಯಿತು, ಒಬ್ಬರ ಒಂದು ಸಹಿಗೆ ಅಲ್ಲ. ನನಗೆ ಆ ಅಧ್ಯಕ್ಷರ ಮೇಲೆ ಸಿಟ್ಟು ಬರುವುದು ಇದಕ್ಕೇ. ನಿಯಮ ಬದಲಿಸುವುದಿದ್ದರೆ ಬದಲಿಸಲಿ. ಬಸುರಿಯರಿಗೆ 30 ದಿನದ ಗಡುವು ಕೊಡುವುದು ಯಾವ ರೀತಿ?

ಟಿ.ವಿ. ಕಮ್ಮಿ ನೋಡು ಅಂದರೆ ನೀನು ಕೇಳುವುದಿಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ. ರಾತ್ರಿ ಮಲಗುವ ಮುಂಚೆ ಬೇಡ. ಕಾಲು ಬಾತರೆ, ತಲೆನೋವು ಬಿಡದಿದ್ದರೆ, ಮಗುವಿನ ಓಡಾಟ ಕಮ್ಮಿ ಅನಿಸಿದರೆ ತಕ್ಷಣ ಆಸ್ಪತ್ರೆಗೆ ಹೋಗು. ಅಂಥದ್ದಕ್ಕೆ ಡಾಕ್ಟರೇ ಬೇಗ ತೆಗೆಯಬೇಕು ಅಂದರೆ ಒಪ್ಪಿಕೋ, ಆಗ ಎರಡನೇ ಯೋಚನೆ ಬೇಡ. ಅದು ಬೇರೆ, ಇದು ಬೇರೆ. ಅಳಿಯಂದಿರಿಗೂ ಈ ಪತ್ರ ಓದಲು ಕೊಡು. ಅವರ ಮನಸ್ಸಿಗೆ ಬೇಜಾರಾದರೆ ನನ್ನ ಮೇಲೆ ಹಾಕು. ಬಾಣಂತನಕ್ಕೆ ನಿನ್ನ ಅಮ್ಮನಿಗೆ ವೀಸಾ ಇದೆ, ಮಾರ್ಚ್ 10ರ ಟಿಕೇಟ್ ಬದಲಿಸುವುದು ಬೇಡ ಅಂತ ನಾನೇ ಅವಳಿಗೆ ಹೇಳಿದ್ದೇನೆ.

12ಕ್ಕೆ ನಿನಗೆ ಚೆಕಪ್ ಇದೆ ಅಂದಿದ್ದೆ. 17ರ ಮಾತನ್ನು ಅಲ್ಲಿ ಎತ್ತಬೇಡ. ಆಗಲೇ ಎತ್ತಿದ್ದರೆ, ಬೇಡ ಅಂತ ಹೇಳಿ ಬಾ. ಹೇಳಿದ ಮೇಲೆ ನನಗೊಂದು ಫೋನ್ ಮಾಡು. ಇಲ್ಲಿ ಮಧ್ಯರಾತ್ರಿ ಆಗಿದ್ದರೂ ಪರವಾಗಿಲ್ಲ, ಮಾಡು.

ನಿನ್ನ
ದೊಡ್ಡಮ್ಮ