ಮಗಳಿಗೊಂದು ಪತ್ರ: ನೀನು ಗೆರೆ ಎಳೆದ ಆ ಸಾಲು

ಪ್ರೀತಿಯ ಪುಟ್ಟಿ,

ನಿನ್ನ ರಜೆಯ ಕಾದಂಬರಿಯನ್ನು ನಿನ್ನೆ ರಾತ್ರಿ ನಾನೂ ಓದಿ ಮುಗಿಸಿದೆ. ಊಟಕ್ಕೆ ಕರೆದರೂ ಏಳದೆ ಎರಡು ದಿನ ಅದರಲ್ಲೇ ಮುಳುಗಿದ್ದೆಯಲ್ಲ, ಏನಿದೆ ನೋಡೋಣ ಅನ್ನಿಸಿತು. ಚೆನ್ನಾಗಿದೆ ಕಣೇ. ಕ್ರಿಸ್‌ಮಸ್‌ ಹೊತ್ತಿನ ‘ನಟ್‌ಕ್ರ್ಯಾಕರ್’ ಬ್ಯಾಲೆಯಲ್ಲಿ ಬ್ಯಾಲೆ ಕಲಿಯುವ ಆ ಹುಡುಗಿಗೆ ಮುಖ್ಯ ಹುಡುಗಿ ಕ್ಲಾರಾಳ ಪಾತ್ರ ಸಿಕ್ಕಾಗ ನನಗೂ ಕಣ್ಣು ತುಂಬಿತು.

ಆದರೆ ಒಂದು ಕಡೆ ನೀನು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೀಯ. ಅವಳ ಪಾದ ಊದಿಕೊಂಡಿದೆ. ಯಾರಿಗೂ ಹೇಳದೆ, ತುದಿಗಾಲಲ್ಲಿ ಕುಣಿಯಲು ಹಾಕುವ ಪಾಯಿಂಟ್ ಶೂನ ರಿಬ್ಬನ್ ಬಿಗಿದು ಕಟ್ಟಿ, ಹಲ್ಲು ಕಚ್ಚಿ ಕುಣಿಯುತ್ತಾಳೆ. ಗೆರೆ ಅಲ್ಲಿದೆ. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಕಳೆದ ತಿಂಗಳು ನೀನು ಕಾಲ್ಬೆರಳಿನ ಬೊಬ್ಬೆಯನ್ನು ಸಾಕ್ಸ್ ಒಳಗೆ ಮುಚ್ಚಿಟ್ಟುಕೊಂಡು ಬ್ಯಾಲೆ ಕ್ಲಾಸಿಗೆ ಹೋಗಿದ್ದೆ, ಅಲ್ವಾ? ಸಾಕ್ಸ್ ಒಗೆಯುವಾಗ ರಕ್ತದ ಕಲೆ ಕಂಡಿತ್ತು. ಆವತ್ತೇ ಕೇಳಬೇಕಿತ್ತು. ನಾನು ಸುಮ್ಮನಿದ್ದುಬಿಟ್ಟೆ, ಅದು ನನ್ನ ತಪ್ಪು.

ಪುಸ್ತಕದ ಹುಡುಗಿಗೆ ಹತ್ತು ವರ್ಷ. ಆ ವಯಸ್ಸಿಗೆ ಪಾದದ ಎಲುಬುಗಳು ಇನ್ನೂ ಬೆಳೆಯುತ್ತಿರುತ್ತವೆ. ಕೆಲವು ವರ್ಷ ಚೆನ್ನಾಗಿ ಕಲಿತು, ಕಾಲಿನ ಗಿಣ್ಣು, ಸೊಂಟ, ಬೆನ್ನು ಗಟ್ಟಿಯಾದ ಮೇಲೇ, ಸಾಮಾನ್ಯವಾಗಿ 11-12 ವರ್ಷಕ್ಕೆ, ಟೀಚರ್‌ಗಳು ಪಾಯಿಂಟ್ ಶೂ ಹಾಕಿಸುತ್ತಾರೆ. ಆ ಶೂನ ತುದಿಯಲ್ಲಿ ಮರ ಇರುತ್ತೆ ಅಂತ ನೀನು ಹೇಳಿದ್ದೆ. ಇಲ್ಲ ಪುಟ್ಟಿ. ಬಟ್ಟೆ, ಕಾಗದದ ಪದರಗಳನ್ನು ಅಂಟು ಹಾಕಿ ಗಟ್ಟಿ ಮಾಡಿರುತ್ತಾರೆ, ಅಷ್ಟೇ. ಬೆವರಿಗೆ ಅದು ಮೆತ್ತಗಾಗುತ್ತದೆ. ದೊಡ್ಡ ನರ್ತಕಿಯರು ಒಂದೇ ಪ್ರದರ್ಶನದಲ್ಲಿ ಒಂದು ಜೋಡಿ ಮುಗಿಸುವುದೂ ಉಂಟು. ಅಂದರೆ ಅವರನ್ನು ತುದಿಗಾಲಲ್ಲಿ ನಿಲ್ಲಿಸುವುದು ಜಾಸ್ತಿ ಅವರ ಮೈಬಲವೇ. ಅಭ್ಯಾಸದ ಅಡ್ಡಕಂಬಿ (ಬಾರ್) ಹಿಡಿದು ದಿನಾ ಮಾಡಿದ ಪ್ಲಿಯೆ, ಅಂದರೆ ಮೊಣಕಾಲು ಬಗ್ಗಿಸಿ ಏಳುವ ಕಸರತ್ತುಗಳಿಂದ ಬಂದ ಬಲ ಅದು. ನಿನಗೆ ಬೇಜಾರು ತರಿಸುತ್ತವಲ್ಲ, ಅವೇ! ಕಾದಂಬರಿಯಲ್ಲಿ ಅವಕ್ಕೆ ಅರ್ಧ ಪುಟವೂ ಇಲ್ಲ. ನನಗೆ ಅದೇ ಕೊರತೆ ಅನ್ನಿಸಿತು.

ಇನ್ನೊಂದು ಮಾತು. ‘ನಟ್‌ಕ್ರ್ಯಾಕರ್’ ಮೊದಲು ರಂಗಕ್ಕೆ ಬಂದದ್ದು 1892ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಮರಿಯಿನ್‌ಸ್ಕಿ ರಂಗಮಂದಿರದಲ್ಲಿ. ಆಗಲೂ ಕ್ಲಾರಾ ಆಗಿ ಕುಣಿದದ್ದು ಅಲ್ಲಿನ ಬ್ಯಾಲೆ ಶಾಲೆಯ ಒಬ್ಬ ವಿದ್ಯಾರ್ಥಿನಿ. ಈಗಲೂ ಮಕ್ಕಳು ಈ ಪಾತ್ರ ಮಾಡುವ ಕಡೆ ಸಾಮಾನ್ಯವಾಗಿ ಮೆತ್ತನೆ ಚಪ್ಪಟೆ ಶೂನಲ್ಲೇ ಕುಣಿಯುತ್ತಾರೆ. ಕ್ಲಾರಾ ಆಗೋಕೆ ಪಾದ ನೋಯಿಸಿಕೊಳ್ಳಬೇಕಾಗಿಲ್ಲ.

ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಗೊತ್ತಲ್ಲ, ನಿನ್ನ ಗೋಡೆಯ ಮೇಲಿನ ಚಿತ್ರದವಳು. ಅವಳಮ್ಮ ಬಟ್ಟೆ ಒಗೆದು ಬದುಕುತ್ತಿದ್ದವಳು. ಒಂದು ಸಲ ಮಗಳನ್ನು ಅದೇ ಮರಿಯಿನ್‌ಸ್ಕಿಗೆ ಬ್ಯಾಲೆ ನೋಡಲು ಕರೆದುಕೊಂಡು ಹೋದಳು. ಆಮೇಲೆ ಮಗಳಿಗೆ ಬೇರೆ ಏನೂ ಬೇಡವಾಯಿತು. ಒಂಬತ್ತು ವರ್ಷಕ್ಕೆ ಬ್ಯಾಲೆ ಶಾಲೆಯವರು ಬೇಡ ಅಂದರು, ತೀರಾ ಬಡಕಲು ಅಂತ. 1891ರಲ್ಲಿ, ಹತ್ತು ವರ್ಷಕ್ಕೆ, ಸೇರಿಸಿಕೊಂಡರು. ಅವಳ ಪಾದದ ಕಮಾನು ತುಂಬಾ ಎತ್ತರ, ಗಿಣ್ಣು ಸಣ್ಣ. ತುದಿಗಾಲಲ್ಲಿ ನಿಲ್ಲುವುದು ಅವಳಿಗೆ ಬೇರೆಯವರಿಗಿಂತ ಕಷ್ಟ. ಅವಳು ಏನು ಮಾಡಿದಳು ಗೊತ್ತಾ? ಶೂ ಅಡಿಗೆ ಗಟ್ಟಿ ಚರ್ಮ ಹಾಕಿಸಿಕೊಂಡಳು, ತುದಿಯನ್ನು ಗಟ್ಟಿ ಮಾಡಿಕೊಂಡಳು. ಇದು ಮೋಸ ಅಂದವರಿದ್ದರು. ಈಗಿನ ಪಾಯಿಂಟ್ ಶೂ ಅದೇ ದಾರಿಯಲ್ಲಿ ಬೆಳೆದದ್ದು. ನನಗೆ ಅವಳ ಕಥೆಯಲ್ಲಿ ತುಂಬಾ ಇಷ್ಟವಾದದ್ದು ಇದು. ಕಾಲಿಗೆ ಕಷ್ಟವಾದಾಗ ಅವಳು ಶೂ ಬದಲಾಯಿಸಿದಳು.

ಪುಸ್ತಕವನ್ನು ನಿನ್ನ ದಿಂಬಿನ ಪಕ್ಕ ಇಟ್ಟಿದ್ದೇನೆ. ಗೆರೆ ಅಳಿಸಿಲ್ಲ, ಅದು ನಿನ್ನದು. ನೀನು ಹಾಗೆ ಕುಣಿದರೆ ಚಪ್ಪಾಳೆ ತಟ್ಟೋಕೆ ನನ್ನಿಂದ ಆಗಲ್ಲ. ಬೊಬ್ಬೆ ಬಂದರೆ ಹೇಳು. ಒಂದು ಕ್ಲಾಸ್ ತಪ್ಪಿದರೂ ಪರವಾಗಿಲ್ಲ, ಟೀಚರ್ ಹತ್ತಿರ ನಾನು ಮಾತಾಡುತ್ತೇನೆ.

ಸಂಜೆ ಬೇಗ ಬರ್ತೀನಿ. ಕಾಲು ತೋರಿಸು. ಎರಡೂ.

ನಿನ್ನ
ಅಪ್ಪ