ಗೊತ್ತಿಲ್ಲದ ಊರಲ್ಲಿ ಕೂರಲು ಒಂದು ಕುರ್ಚಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಓದುಗರ ಪುಟದಲ್ಲಿ ಒಬ್ಬ ತಾಯಿ ಬರೆದ ಪತ್ರ ಓದಿದೆ. ಮಗ ಎಂ.ಎಸ್. ಮಾಡಲು ಅಮೆರಿಕಕ್ಕೆ ಬಂದಿದ್ದಾನೆ, ಕ್ಲಾಸ್ ಬಿಟ್ಟರೆ ರೂಮು, ರೂಮು ಬಿಟ್ಟರೆ ಕ್ಲಾಸ್, ಶನಿವಾರ ಭಾನುವಾರ ಫೋನ್ ಹಿಡಿದು ಮಲಗಿರುತ್ತಾನೆ, ಮಾತಾಡೋಕೆ ಯಾರೂ ಇಲ್ಲ ಅಂತಾನೆ ಎಂದು ಬರೆದಿದ್ದರು. ಅದಕ್ಕೆ ಬಂದ ಉತ್ತರಗಳಲ್ಲಿ ಹೆಚ್ಚಿನವು ಕನ್ನಡ ಸಂಘಕ್ಕೆ ಹೋಗಲಿ, ದೇವಸ್ಥಾನಕ್ಕೆ ಹೋಗಲಿ ಅಂತ. ಹೋಗಲಿ, ಒಳ್ಳೆಯದೇ. ಆದರೆ ಸಂಘದ ಕಾರ್ಯಕ್ರಮ ಯುಗಾದಿಗೊಂದು, ರಾಜ್ಯೋತ್ಸವಕ್ಕೊಂದು. ಆ ಹುಡುಗನಿಗೆ ಬೇಕಿರುವುದು ವಾರಾವಾರ ಹೋಗಿ ಕೂರುವ ಜಾಗ. ನಾನು ಸಿಯಾಟಲ್ ಪಕ್ಕದ ರೆಡ್‌ಮಂಡ್‌ನಲ್ಲಿ ಇದ್ದೇನೆ. ಇಲ್ಲಿನ ಒಂದು ಆಟದ ಅಂಗಡಿಯಲ್ಲಿ ಕಾರ್ಡ್ ಆಟದ ಟೇಬಲ್ ನಡೆಸುತ್ತೇನೆ. ಅಂಥ ಜಾಗ ಇದೆ ಅಂತ ಹೇಳುವುದಕ್ಕೇ ಈ ಪತ್ರ.

ಕಾರ್ಡ್ ಅಂದ ಕೂಡಲೇ ಇಸ್ಪೀಟು, ದುಡ್ಡು ಅಂತ ಗಾಬರಿಯಾಗಬೇಡಿ. ಇದರಲ್ಲಿ ಪಣ ಇಲ್ಲ. ಎದುರಾಳಿಯೂ ಇಲ್ಲ. ಟೇಬಲ್ ಸುತ್ತ ಕೂತವರೆಲ್ಲ ಒಂದೇ ಕಡೆ. ಗೆದ್ದರೆ ಎಲ್ಲರೂ ಗೆದ್ದ ಹಾಗೆ, ಸೋತರೆ ಎಲ್ಲರೂ ಸೋತ ಹಾಗೆ. ಆಟದ ಹೆಸರು ಪಾಥ್‌ಫೈಂಡರ್ ಅಡ್ವೆಂಚರ್ ಕಾರ್ಡ್ ಗೇಮ್. ಮೈಕ್ ಸೆಲಿಂಕರ್ ಅನ್ನುವವರು ತಮ್ಮ ತಂಡದ ಜೊತೆ ರೂಪಿಸಿದ್ದು, 2013ರಲ್ಲಿ ಪೈಜೋ ಕಂಪನಿ ಹೊರತಂದಿತು. ಮಾಂತ್ರಿಕರು, ಕತ್ತಿವೀರರು, ಕಳ್ಳರು, ರಾಕ್ಷಸರು ಇರುವ ಲೋಕ. ಚಿಕ್ಕಂದಿನಲ್ಲಿ ಚಂದಮಾಮ ಓದಿ ಬೆಳೆದವರಿಗೆ ಈ ಲೋಕಕ್ಕೆ ಹೊಂದಿಕೊಳ್ಳುವುದು ಕಷ್ಟವೇ ಅಲ್ಲ.

ಆಟ ನಡೆಯುವ ಬಗೆ ಸ್ವಲ್ಪ ಹೇಳುತ್ತೇನೆ, ಯಾಕಂದರೆ ಅದರಲ್ಲೇ ಎಲ್ಲ ಇದೆ. ನಾಲ್ಕು ಜನ ಕೂತರೆ ಟೇಬಲ್ ಮೇಲೆ ಆರು ಜಾಗಗಳು: ಕಾಡು, ಗುಡಿ, ಪಾಳುಮನೆ, ಹೀಗೆ. ಜನ ಎಷ್ಟೋ ಅದಕ್ಕಿಂತ ಎರಡು ಜಾಸ್ತಿ. ಒಂದೊಂದು ಜಾಗಕ್ಕೂ ಒಂದು ಚಿಕ್ಕ ಕಟ್ಟು ಕಾರ್ಡ್, ಎಲ್ಲೋ ಒಂದರಲ್ಲಿ ವಿಲನ್ ಅಡಗಿದ್ದಾನೆ, ಉಳಿದವುಗಳಲ್ಲಿ ಅವನ ಬಂಟರು. ನಿಮ್ಮ ಸರದಿ ಬಂದಾಗ ಮೇಲಿನ ಕಾರ್ಡ್ ತಿರುಗಿಸುತ್ತೀರಿ. ರಾಕ್ಷಸ ಬಂದರೆ ದಾಳ ಹಾಕಿ ಹೊಡೆಯಬೇಕು, ಕತ್ತಿಯೋ ಮದ್ದೋ ಬಂದರೆ ದಾಳ ಹಾಕಿ ಗಳಿಸಬೇಕು. ದಾಳಗಳು ನಾಲ್ಕು ಮುಖದಿಂದ ಹನ್ನೆರಡು ಮುಖದವರೆಗೆ ಇರುತ್ತವೆ. ನಿಮ್ಮ ಪಾತ್ರಕ್ಕೂ ತನ್ನದೇ ಒಂದು ಕಟ್ಟು ಇದೆ, ಆ ಕಾರ್ಡ್‌ಗಳೇ ನಿಮ್ಮ ಜೀವ. ಪೆಟ್ಟು ಬಿದ್ದರೆ ಕೈಯಲ್ಲಿರುವ ಕಾರ್ಡ್ ಹೋಗುತ್ತದೆ, ಎಳೆಯಬೇಕಾದಾಗ ನಿಮ್ಮ ಕಟ್ಟಿನಲ್ಲಿ ಸಾಕಷ್ಟು ಕಾರ್ಡ್ ಇಲ್ಲದಿದ್ದರೆ ನಿಮ್ಮ ಪಾತ್ರ ಸತ್ತಂತೆ. ಸಮಯಕ್ಕೂ ಒಂದು ಕಟ್ಟು ಇದೆ, ಅದರಲ್ಲಿ 30 ಕಾರ್ಡ್. ಪ್ರತಿ ಸರದಿಗೆ ಒಂದು ಹೋಗುತ್ತದೆ. ಅಷ್ಟು ಮುಗಿಯುವುದರೊಳಗೆ ವಿಲನ್‌ನನ್ನು ಮೂಲೆಗೆ ಒತ್ತಬೇಕು.

ನನಗೆ ತುಂಬಾ ಇಷ್ಟವಾದ ಭಾಗ ಇದೇ. ವಿಲನ್‌ನನ್ನು ಒಬ್ಬರು ಹೊಡೆದರೆ ಸಾಲದು. ಬೇರೆ ಯಾವ ಜಾಗ ತೆರೆದಿದ್ದರೂ ಅಲ್ಲಿಗೆ ಓಡಿಹೋಗುತ್ತಾನೆ. ಹಾಗಾಗಿ ಅವನು ಸಿಕ್ಕ ಗಳಿಗೆಯಲ್ಲಿ ಉಳಿದ ಮೂವರು ಬೇರೆ ಬೇರೆ ಜಾಗಗಳಲ್ಲಿ ನಿಂತು, ಅವನ ಮೇಲೆ ಕೈ ಮಾಡುವ ಮೊದಲೇ ತಮ್ಮ ತಮ್ಮ ಬಾಗಿಲು ಹಾಕಲು ದಾಳ ಹಾಕಬೇಕು, ಒಬ್ಬರದು ತಪ್ಪಿದರೂ ಅವನು ಅಲ್ಲಿಂದ ನುಸುಳುತ್ತಾನೆ. ಜೊತೆಗೆ ಬ್ಲೆಸಿಂಗ್, ಅಂದರೆ ಆಶೀರ್ವಾದದ ಕಾರ್ಡ್‌ಗಳಿವೆ, ಹೆಚ್ಚಿಗೆ ದಾಳ ಕೊಡುವಂಥವು. ಅವುಗಳನ್ನು ಯಾರ ದಾಳಕ್ಕೆ ಬೇಕಾದರೂ ಕೊಡಬಹುದು. ಹೆಸರೂ ಸರಿಯಾಗಿ ಗೊತ್ತಿಲ್ಲದ ಒಬ್ಬರು ನಿಮ್ಮ ದಾಳದ ಜೊತೆ ತಮ್ಮ ಕಾರ್ಡ್ ಇಟ್ಟು "ಇನ್ನೊಂದು ಹಾಕಿ" ಅನ್ನುತ್ತಾರೆ. ಹೊಸ ಊರಿನಲ್ಲಿ ಯಾರ ಪರಿಚಯವೂ ಇಲ್ಲದವರಿಗೆ ಇದು ಎಷ್ಟು ದೊಡ್ಡದು ಅಂತ ಅನುಭವಿಸಿದವರಿಗೇ ಗೊತ್ತು.

ಇನ್ನು ಸಂಘಟಿತ ಆಟದ ವಿಷಯ, ಅಂದರೆ ಯಾರು ಬೇಕಾದರೂ ಬಂದು ಅಪರಿಚಿತರ ಜೊತೆ ಒಂದೇ ನಿಯಮದಲ್ಲಿ ಆಡುವ ವ್ಯವಸ್ಥೆ. ಪೈಜೋ ಇದನ್ನು 2014ರಲ್ಲಿ ಅಡ್ವೆಂಚರ್ ಕಾರ್ಡ್ ಗಿಲ್ಡ್ ಅಂತ ಶುರು ಮಾಡಿತು, ಆಮೇಲೆ ಅಡ್ವೆಂಚರ್ ಕಾರ್ಡ್ ಸೊಸೈಟಿ ಅಂತ ಹೆಸರು ಬದಲಾಯಿತು. ಮನೆಯಲ್ಲಿ ಆಡಬೇಕಾದರೆ ಅದೇ ನಾಲ್ಕು ಜನ ಪ್ರತಿ ಸಲ ಸೇರಬೇಕು. ಒಬ್ಬರಿಗೆ ಪರೀಕ್ಷೆ ಬಂದರೆ ಆಟ ನಿಂತಿತು. ಇಲ್ಲಿ ಹಾಗಲ್ಲ. ಪಾತ್ರ ನಿಮ್ಮದು, ಅದನ್ನು ಎತ್ತಿಕೊಂಡು ಯಾವ ಟೇಬಲ್‌ಗೆ ಬೇಕಾದರೂ ಹೋಗಬಹುದು. ಪ್ರತಿ ಆಟ ಮುಗಿದ ಮೇಲೆ ಏನು ಆಡಿದಿರಿ, ಏನು ಗಳಿಸಿದಿರಿ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೀರಿ, ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ. ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಜೆನ್ ಕಾನ್ ಎಂಬ ದೊಡ್ಡ ಆಟದ ಜಾತ್ರೆಗೂ ಜನ ಹಾಗೆ ತಮ್ಮ ಪಾತ್ರ ತಗೊಂಡು ಹೋಗಿ ಆಡಿದ್ದಾರೆ.

ಖರ್ಚಿನ ವಿಷಯದಲ್ಲಿ ಹೊಸಬರಿಗೆ ಗೊಂದಲ ಜಾಸ್ತಿ, ಬಿಡಿಸಿ ಹೇಳುತ್ತೇನೆ. ರಾಕ್ಷಸರೂ ಜಾಗಗಳೂ ಇರುವ ದೊಡ್ಡ ಬಾಕ್ಸ್ ಸಂಘಟಕರದ್ದು. ಮೊದಲ ಬಾಕ್ಸ್ ಬಂದಾಗ ಸುಮಾರು 60 ಡಾಲರ್ ಇತ್ತು. ಅದನ್ನು ಆಟಗಾರ ಕೊಳ್ಳಬೇಕಾಗಿಲ್ಲ. ಆಟಗಾರನಿಗೆ ಬೇಕಿರುವುದು ಕ್ಲಾಸ್ ಡೆಕ್ ಮಾತ್ರ, ಅಂದರೆ ವೀರನೋ ಮಾಂತ್ರಿಕನೋ ಯಾರಾದರೂ ಒಂದು ಬಗೆಯ ಪಾತ್ರಕ್ಕೆ ಬೇಕಾದ ಕಾರ್ಡ್‌ಗಳ ಪೆಟ್ಟಿಗೆ, ಬಂದಾಗ ಸುಮಾರು 20 ಡಾಲರ್. ಅದರಿಂದ ಆಯುಧ, ಮಂತ್ರ, ಕವಚ, ಜೊತೆಗಾರ ಅಂತ ಹದಿನೈದು ಕಾರ್ಡ್ ಆರಿಸಿ ಆಟ ಶುರು ಮಾಡುತ್ತೀರಿ. ಆಟದಲ್ಲಿ ನಿಮಗೆ ಒಳ್ಳೆ ಕತ್ತಿ ಸಿಕ್ಕಿತು ಅನ್ನಿ, ಆ ಕಾರ್ಡ್ ಸಂಘಟಕರ ಬಾಕ್ಸ್‌ಗೇ ವಾಪಸ್ ಹೋಗುತ್ತದೆ. ಅದಕ್ಕೆ ಬದಲಾಗಿ ಅಷ್ಟೇ ಮಟ್ಟದ ಒಂದು ಆಯುಧವನ್ನು ನಿಮ್ಮ ಪೆಟ್ಟಿಗೆಯಿಂದ ತೆಗೆದುಕೊಳ್ಳುತ್ತೀರಿ. ಯಾರ ಕಾರ್ಡೂ ಯಾರ ಜೊತೆಗೂ ಬೆರೆಯುವುದಿಲ್ಲ, ಕಳೆದುಹೋಗುವುದಿಲ್ಲ. ಈ ಒಂದು ನಿಯಮದಿಂದಲೇ ಅಪರಿಚಿತರು ಒಟ್ಟಿಗೆ ಆಡಲು ಆಗುತ್ತಿರುವುದು. ತುಂಬಾ ಯೋಚನೆ ಮಾಡಿ ಮಾಡಿದ್ದಾರೆ ಅನಿಸುತ್ತದೆ.

ಆ ಹುಡುಗ ಮೊದಲ ದಿನವೇ ಏನೂ ಕೊಳ್ಳಬಾರದು. ಪೈಜೋ ಜಾಲತಾಣದಲ್ಲಿ ದುಡ್ಡಿಲ್ಲದೆ ಒಂದು ಆಟಗಾರ ಸಂಖ್ಯೆ ಸಿಗುತ್ತದೆ, ಅದು ಮಾಡಿಕೊಳ್ಳಲಿ. ಊರಿನ ಆಟದ ಅಂಗಡಿಗೆ ಫೋನ್ ಮಾಡಿ ಪಾಥ್‌ಫೈಂಡರ್ ಟೇಬಲ್ ಯಾವತ್ತು, ಸಂಘಟಕರು ಯಾರು ಅಂತ ಕೇಳಲಿ. ಇವರೆಲ್ಲ ಸಂಬಳವಿಲ್ಲದೆ ಇಷ್ಟಪಟ್ಟು ಮಾಡುವವರು. "ನಾನು ಹೊಸಬ, ಬರಲಾ" ಅಂತ ಮೊದಲೇ ಒಂದು ಮೆಸೇಜ್ ಹಾಕಿದರೆ ಕುರ್ಚಿ ಇಟ್ಟಿರುತ್ತಾರೆ. ನಾನಂತೂ ಹೊಸಬರಿಗೆ ನನ್ನದೇ ಡೆಕ್ ಒಂದನ್ನು ಕೊಟ್ಟು ಕೂರಿಸುತ್ತೇನೆ, ನನಗೆ ಗೊತ್ತಿರುವ ಬೇರೆ ಸಂಘಟಕರೂ ಹಾಗೇ. ಮೊದಲು ಕತ್ತಿವೀರನ ಪಾತ್ರ ಆಡಲಿ. ಆಯುಧ ತೋರಿಸು, ದಾಳ ಹಾಕು, ಅಷ್ಟೇ. ಮಾಂತ್ರಿಕ ನೋಡಲು ಚೆಂದ, ಆದರೆ ಯಾವ ಮಂತ್ರ ಉಳಿಸಬೇಕು ಯಾವುದು ಬಳಸಬೇಕು ಅನ್ನುವುದಕ್ಕೇ ತಲೆ ಕೆಡುತ್ತದೆ. ನಾಲ್ಕು ಜನರ ಟೇಬಲ್ ಸಿಕ್ಕರೆ ಒಳ್ಳೆಯದು. ಆರು ಜನ ಆದರೆ 30 ಸರದಿ ಹಂಚಿ ಒಬ್ಬರಿಗೆ ಐದೇ ಬರುತ್ತವೆ, ಕಾಯುವುದೇ ಜಾಸ್ತಿ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಒಟ್ಟಿಗೆ ಆಡುವ ಆಟದ ದೊಡ್ಡ ರೋಗ ಅಂದರೆ, ಚೆನ್ನಾಗಿ ಬಲ್ಲ ಒಬ್ಬರು ಎಲ್ಲರ ಸರದಿಯನ್ನೂ ತಾವೇ ಆಡಿಬಿಡುವುದು. ಅದು ಇಡು, ಇಲ್ಲಿಗೆ ಹೋಗು, ಅದು ಬೇಡ ಅಂತ. ಕೆಟ್ಟ ಉದ್ದೇಶ ಇರುವುದಿಲ್ಲ, ಗೆಲ್ಲಬೇಕು ಅನ್ನುವ ಆಸೆ ಅಷ್ಟೇ. ನಮ್ಮ ಹುಡುಗರು ಇದರಲ್ಲಿ ಬೇಗ ಸಿಕ್ಕಿಬೀಳುತ್ತಾರೆ. ದೊಡ್ಡವರು ಹೇಳಿದ್ದಕ್ಕೆ ತಲೆಯಾಡಿಸಿ ರೂಢಿ, ಜೊತೆಗೆ ಇಂಗ್ಲಿಷ್ ಉಚ್ಚಾರದ ಅಂಜಿಕೆ. ಎರಡು ಗಂಟೆ ಕೂತು, ಬೇರೆಯವರು ಹೇಳಿದ ಕಾರ್ಡ್ ಇಟ್ಟು, ಮನೆಗೆ ಹೋಗುತ್ತಾರೆ, ಮುಂದಿನ ವಾರ ಬರುವುದಿಲ್ಲ. ಅವರನ್ನು ಯಾರೂ ಓಡಿಸಿಲ್ಲ, ಆದರೆ ಆಡಲೂ ಬಿಟ್ಟಿಲ್ಲ. ಅದಕ್ಕೇ ನಾನು ಹೊಸಬರಿಗೆ ಕೂರುವ ಮುಂಚೆಯೇ ಹೇಳುತ್ತೇನೆ: "ಸ್ವಲ್ಪ ಯೋಚಿಸ್ತೀನಿ" ಅನ್ನುವ ಹಕ್ಕು ನಿಮಗಿದೆ, ಸಲಹೆ ಬೇಕಾದರೆ ನೀವೇ ಕೇಳಿ, ಅಲ್ಲಿಯವರೆಗೆ ಯಾರೂ ಹೇಳುವುದಿಲ್ಲ. ಟೇಬಲ್‌ನ ಉಳಿದವರಿಗೂ ಅದನ್ನೇ ಹೇಳುತ್ತೇನೆ. ಹೊಸಬರ ಒಂದು ತಪ್ಪು ನಡೆಯಿಂದ ಆಟ ಸೋತರೂ ಪರವಾಗಿಲ್ಲ, ಅದೇ ಆಟವನ್ನು ಮುಂದಿನ ವಾರ ಮತ್ತೆ ಆಡಬಹುದು ಅಲ್ವಾ.

ಎಲ್ಲ ಊರಲ್ಲೂ ಈ ಟೇಬಲ್ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ. ಹಿಂದಿಗಿಂತ ಕಡಿಮೆಯಾಗಿದೆ, ಹಳೆಯ ಬಾಕ್ಸ್‌ಗಳು ಹೊಸದಾಗಿ ಸಿಗುವುದೂ ಕಷ್ಟ. ಅವನ ಊರಲ್ಲಿ ಇಲ್ಲದಿದ್ದರೆ ಅವನೇ ಶುರು ಮಾಡಬಹುದು. 2019ರಲ್ಲಿ ಬಂದ ಕೋರ್ ಸೆಟ್ ಅನ್ನುವ ಹೊಸ ಆವೃತ್ತಿಯ ಬಾಕ್ಸ್ ಅಥವಾ ಯಾರಾದರೂ ಮಾರುತ್ತಿರುವ ಹಳೆಯ ಬಾಕ್ಸ್ ಒಂದು ಸಾಕು, ಅದನ್ನು ನಾಲ್ಕು ಜನ ಹಂಚಿಕೊಂಡು ಕೊಳ್ಳಬಹುದು. ಇಲ್ಲಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಸಾಮಾನ್ಯವಾಗಿ ಮೊದಲೇ ಕೇಳಿದರೆ ಒಂದು ಕೋಣೆ ಕೊಡುತ್ತಾರೆ. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ದಿನ, ಸಮಯ, ಜಾಗ ಬರೆದು "ಆಟ ಗೊತ್ತಿರಬೇಕಾಗಿಲ್ಲ" ಅಂತ ಸೇರಿಸಲಿ. ಮೊದಲ ವಾರ ಇಬ್ಬರೇ ಬಂದರೂ ಆಡಲಿ, ಹೆಚ್ಚುವರಿ ಕಾರ್ಡ್ ಇಲ್ಲದೆ ಆ ಒಂದು ಬಾಕ್ಸ್‌ನಿಂದಲೇ ಒಬ್ಬರಿಂದ ನಾಲ್ವರವರೆಗೆ ಎಷ್ಟು ಜನಕ್ಕಾದರೂ ಈ ಆಟ ನಡೆಯುತ್ತದೆ. ದಿನ ಮಾತ್ರ ಬದಲಿಸದಿರಲಿ.

ಈ ಪತ್ರ ಹಾಕಲು ಜಾಗ ಇಲ್ಲದಿದ್ದರೆ, ದಯವಿಟ್ಟು ಆ ತಾಯಿಗಾದರೂ ಕಳಿಸಿಕೊಡಿ. ಮಗ ಇರುವುದು ಸಿಯಾಟಲ್ ಕಡೆಯಾದರೆ ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ, ಅವರಿಗೆ ಕೊಡಬಹುದು.

ಇಂತಿ ನಿಮ್ಮ ಓದುಗ,
ರೆಡ್‌ಮಂಡ್, ವಾಷಿಂಗ್ಟನ್ ರಾಜ್ಯ