ವಾರದ ಗುಳಿಗೆ ದಿನಾ ನುಂಗಬೇಡಿ

ಮಾನ್ಯ ಸಂಪಾದಕರೇ,

ನಾನು ಬಾಗಲಕೋಟೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನು. ಇತ್ತೀಚೆಗೆ ಗಿರಾಕಿಗಳು ಖಾಲಿ ಸ್ಟ್ರಿಪ್ ಹಿಡಿದುಕೊಂಡು ಬಂದು ‘ಅಣ್ಣಾರ, ಇಂಥಾವ ಇನ್ನೊಂದ್ ನಾಕ ಕೊಡ್ರಿ, ಮೈಗೆ ಚಲೋ ಅನಸ್ತೈತಿ’ ಅನ್ನುವುದು ಜಾಸ್ತಿಯಾಗಿದೆ. ಗುಳಿಗೆ ಯಾವುದು ಅಂದರೆ ವಾರಕ್ಕೊಂದು ನುಂಗುವ ವಿಟಮಿನ್ ಡಿ3, 60,000 ಯೂನಿಟ್. ಚೀಟಿ ಕೇಳಿದರೆ ಹೋದ ವರ್ಷದ್ದು, ಇಲ್ಲಾ ಪಕ್ಕದ ಮನೆಯವರದ್ದು. ವಿಟಮಿನ್ ಅಲ್ವಾ, ಎರಡು ಜಾಸ್ತಿ ನುಂಗಿದರೆ ಏನಾಯಿತು ಅಂತ ನನಗೇ ಬುದ್ಧಿ ಹೇಳುತ್ತಾರೆ.

ಈ ಔಷಧಿ ಬೇಡ ಅಂತ ನಾನು ಹೇಳುತ್ತಿಲ್ಲ. ಕೊರತೆ ಇದ್ದವರಿಗೆ ಇದು ನಿಜಕ್ಕೂ ಒಳ್ಳೆಯ ಔಷಧಿ. ಇಷ್ಟು ಬಿಸಿಲಿರುವ ಜಿಲ್ಲೆಯಲ್ಲಿ ಕೊರತೆ ಯಾಕೆ ಅಂತ ಕೇಳುವವರು ರಬಕವಿ-ಬನಹಟ್ಟಿಯ ಮಗ್ಗದ ಶೆಡ್ಡುಗಳನ್ನು ಒಮ್ಮೆ ನೋಡಬೇಕು. ಬೆಳಿಗ್ಗೆ ಒಳಗೆ ಹೋದವರು ಹೊರಗೆ ಬರುವುದು ಹೊತ್ತು ಇಳಿದ ಮೇಲೆ. ಉಳಿದವರೂ ಬಿಸಿಲಿಗೆ ಹೆದರಿ ಮನೆ ಹಿಡಿಯುತ್ತಾರೆ, ಹೊರಗೆ ಬಂದರೆ ತಲೆತುಂಬ ಸೆರಗು, ಟವೆಲ್ಲು. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲಿನಿಂದ ಚರ್ಮದಲ್ಲಿ ಡಿ ತಯಾರಾಗುವುದಿಲ್ಲ.

ತೊಂದರೆ ಇರುವುದು ಲೆಕ್ಕದಲ್ಲಿ. ದೊಡ್ಡವರಿಗೆ ದಿನಕ್ಕೆ ಬೇಕಾಗಿರುವುದು 600ರಿಂದ 800 ಯೂನಿಟ್. ವೈದ್ಯರ ನಿಗಾ ಇಲ್ಲದೆ ದಿನಕ್ಕೆ 4,000 ದಾಟಬಾರದು ಅಂತ ಮಿತಿ ಇದೆ. 60,000ವನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ ಎಂಟೂವರೆ ಸಾವಿರದ ಮೇಲೆ ಬೀಳುತ್ತದೆ, ಅಂದರೆ ವಾರಕ್ಕೊಂದು ನುಂಗಿದರೂ ಆ ಮಿತಿಯ ಎರಡು ಪಟ್ಟಿಗಿಂತ ಜಾಸ್ತಿ. ಅದಕ್ಕೇ ವೈದ್ಯರು ಸಾಮಾನ್ಯವಾಗಿ ಎಂಟು ವಾರ ಅಂತ ಬರೆದು, ಆಮೇಲೆ ತಿಂಗಳಿಗೊಂದು ಅಥವಾ ದಿನಕ್ಕೊಂದು ಸಣ್ಣ ಡೋಸಿಗೆ ಇಳಿಸುತ್ತಾರೆ. ಆದರೆ ಮನೆಯಲ್ಲಿ ಬೇರೆಲ್ಲಾ ಗುಳಿಗೆ ದಿನಾ ನುಂಗುವ ರೂಢಿ ಇರುವುದರಿಂದ ಬಿಪಿ, ಶುಗರ್ ಗುಳಿಗೆಯ ಜೊತೆ ಇದನ್ನೂ ದಿನಾ ನುಂಗುವವರಿದ್ದಾರೆ. ಒಂದು ಸ್ಟ್ರಿಪ್ ಹಾಗೆ ಮುಗಿಸಿದವರಿಗೆ ಏನೂ ಆಗದೆ ಇರಬಹುದು. ತಿಂಗಳುಗಟ್ಟಲೆ ದಿನಾ 60,000 ಹೋದರೆ ಮಾತ್ರ ಅದು ವಿಷವೇ.

ಬಿ ವಿಟಮಿನ್ ಜಾಸ್ತಿಯಾದರೆ ಬಹುಪಾಲು ಮೂತ್ರದಲ್ಲಿ ಹೋಗಿಬಿಡುತ್ತದೆ. ಡಿ ಹಾಗಲ್ಲ, ಕೊಬ್ಬಿನಲ್ಲಿ ಕರಗಿ ಮೈಯಲ್ಲೇ ಕೂರುತ್ತದೆ. ಮಿತಿ ಮೀರಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಬಾಯಾರಿಕೆ, ಹಸಿವಿಲ್ಲದಿರುವುದು, ಮಲಬದ್ಧತೆ, ಪದೇ ಪದೇ ಮೂತ್ರ, ಸುಸ್ತು, ವಾಂತಿ. ಈಗ ಹೇಳಿ, ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಯಾರಾದರೂ ಬಾಯಾರಿಕೆ, ಸುಸ್ತು ಅಂದರೆ ಯಾರು ಗುಳಿಗೆಯ ಮೇಲೆ ಅನುಮಾನ ಪಡುತ್ತಾರೆ? ಬಿಸಿಲು ಬಡಿದಿದೆ ಅಂತ ಮಜ್ಜಿಗೆ ಕುಡಿಸಿ ಮಲಗಿಸುತ್ತಾರೆ. ಅಷ್ಟರಲ್ಲಿ ಕಿಡ್ನಿಗೆ ಪೆಟ್ಟು ಬಿದ್ದಿರುತ್ತದೆ. ಗುಳಿಗೆ ನಿಲ್ಲಿಸಿದ ಮೇಲೂ ಮೈಯಲ್ಲಿ ಕೂತಿದ್ದು ಇಳಿಯಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು.

ಇನ್ನೊಂದು, ಮೊಣಕಾಲಿಗೆ ಒಬ್ಬ ಡಾಕ್ಟರು, ಸುಸ್ತಿಗೆ ಇನ್ನೊಬ್ಬರು. ಒಬ್ಬರು 6 ಲಕ್ಷ ಯೂನಿಟ್ಟಿನ ಇಂಜೆಕ್ಷನ್ ಕೊಟ್ಟಿರುತ್ತಾರೆ, ಅದು ಗೊತ್ತಿಲ್ಲದೆ ಇನ್ನೊಬ್ಬರು ಗುಳಿಗೆ ಬರೆಯುತ್ತಾರೆ, ಕ್ಯಾಲ್ಸಿಯಂ ಗುಳಿಗೆಯಲ್ಲೂ ಡಿ ಇರುತ್ತದೆ. ಒಮ್ಮೆಲೇ ದೊಡ್ಡ ಡೋಸ್ ಕೊಟ್ಟರೆ ಮೂಳೆ ಗಟ್ಟಿಯಾಗುತ್ತದೆ ಅನ್ನುವ ನಂಬಿಕೆಯೂ ಇದೆ. ಆಸ್ಟ್ರೇಲಿಯಾದಲ್ಲಿ 70 ದಾಟಿದ ಹೆಣ್ಣುಮಕ್ಕಳಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಔಷಧಿ ತೆಗೆದುಕೊಂಡವರೇ ಜಾಸ್ತಿ ಬಿದ್ದರು, ಅವರ ಮೂಳೆಗಳೇ ಜಾಸ್ತಿ ಮುರಿದವು!

ಹಾಗಾಗಿ ಶುರುಮಾಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ರಿಪೋರ್ಟಿನಲ್ಲಿ ಒಂದು ಎಂಎಲ್‌ಗೆ 20 ನ್ಯಾನೊಗ್ರಾಂಗಿಂತ ಕೆಳಗಿದ್ದರೆ ಕೊರತೆ. ಮೂರು ತಿಂಗಳ ಮೇಲೆ ಮತ್ತೆ ನೋಡಬೇಕು. ಕಿಡ್ನಿಯಲ್ಲಿ ಹರಳು ಆದವರು, ಕಿಡ್ನಿ ಕಾಯಿಲೆಯವರು, ಟಿಬಿ ಇರುವವರು, ನೀರು ಹೋಗಲೆಂದು ಕೊಡುವ ಥಯಜೈಡ್ ಜಾತಿಯ ಬಿಪಿ ಗುಳಿಗೆ ನುಂಗುವವರು ಇದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು. ಗುಳಿಗೆಯನ್ನು ಊಟದ ಜೊತೆ ನುಂಗಿ. ಶೇಂಗಾ ಹಿಂಡಿಯೋ, ತುಪ್ಪವೋ ಇದ್ದ ಊಟವಾದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಕೂಸುಗಳ ಡ್ರಾಪ್ಸ್ ಒಂದು ಎಂಎಲ್‌ಗೆ 400 ಯೂನಿಟ್ಟಿನದೂ ಸಿಗುತ್ತದೆ, 800ರದೂ ಸಿಗುತ್ತದೆ. ಬಾಟಲಿ ಬದಲಾದರೆ ಅಳತೆಯೂ ಬದಲಾಗುತ್ತದೆ, ಓದಿ ಹಾಕಿ.

ಡಾಕ್ಟರುಗಳಲ್ಲಿ ನನ್ನ ಕೇಳಿಕೆ ಇಷ್ಟೇ. ಚೀಟಿಯಲ್ಲಿ ‘ವಾರಕ್ಕೊಂದು’ ಅಂತ ಕನ್ನಡದಲ್ಲೇ ಬರೆಯಿರಿ, ವಾರದ ಯಾವ ದಿನ ನುಂಗಬೇಕು ಅಂತಲೂ ಬರೆಯಿರಿ, ಯಾವ ತಾರೀಖಿಗೆ ನಿಲ್ಲಿಸಬೇಕು ಅನ್ನುವುದನ್ನೂ ಹಾಕಿ. ನನ್ನ ಅಂಗಡಿಯಲ್ಲಿ ಸ್ಟ್ರಿಪ್ ಮೇಲೆ ಪೆನ್ನಿನಿಂದ ‘ಸೋಮವಾರ ಮಾತ್ರ’ ಅಂತ ಬರೆದೇ ಕೊಡುತ್ತೇನೆ. ಹಳೇ ಚೀಟಿಗೆ, ಖಾಲಿ ಸ್ಟ್ರಿಪ್ಪಿಗೆ ಕೊಡುವುದಿಲ್ಲ. ಗಿರಾಕಿ ಬೈದುಕೊಂಡು ಮುಂದಿನ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಸಿಗುತ್ತದೆ. ಆ ಮುಂದಿನ ಅಂಗಡಿಯವರೂ ಇದನ್ನು ಓದಲಿ ಅಂತಲೇ ನಿಮಗೆ ಬರೆದಿದ್ದು.

— ಒಬ್ಬ ಔಷಧಿ ವ್ಯಾಪಾರಿ, ಬಾಗಲಕೋಟೆ